ಕೂಸು ಮಡಿಲಲ್ಲಿ, ಗುಂಡಕಲ್ಲು ತೊಟ್ಟಿಲಲ್ಲಿ

ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಡುವ ದಿನ ಬಂತೆಂದರೆ ನಮ್ಮ ಕಡೆಯ ತವರುಮನೆಗಳಲ್ಲಿ ಗದ್ದಲವೋ ಗದ್ದಲ. ಮಗಳಿಗೆ ಸೀರೆ ಬಂತೇ, ಕೂಸಿನ ತಲೆಗೆ ಕುಂಚಿಗೆ ಹೊಲಿದಾಯಿತೇ, ಬೀಗರಿಗೆ ಬುತ್ತಿ ಕಟ್ಟಿದಿರಾ ಎಂದು ಓಣಿಯವರೆಲ್ಲ ಕೇಳುತ್ತಾರೆ. ಕೂಸು ಯಾವ ಗಾಡಿಯಲ್ಲಿ ಹೋಗುತ್ತದೆ, ಗಾಡಿಯೊಳಗೆ ಅದನ್ನು ಹೇಗೆ ಇಟ್ಟುಕೊಳ್ಳುತ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಆ ಮಾತಿಗೆ ಬೆಲೆ ಸಿಗುವುದಿಲ್ಲ. ನಮ್ಮ ಮನೆಯ ವಿಷಯದಲ್ಲಿ ಹಾಗೆಯೇ ಆಯಿತು. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಮಡಿಲಲ್ಲಿ ಕೂಸಿರುವ ತಾಯಂದಿರು ಸ್ವಲ್ಪ ಕಿವಿಗೊಡಬೇಕು.

ನಮ್ಮದು ಕಲಘಟಗಿ ತಾಲೂಕಿನ ದುಮ್ಮವಾಡ. ನವಲಗುಂದದ ಮೈಲಾರವ್ವ ನಮಗೆ ಬೀಗತಿ. ಅವರ ಮಗಳು ಶಾರದವ್ವನನ್ನು ನನ್ನ ಮಗ ಶಂಭುಲಿಂಗಪ್ಪನಿಗೆ ತಂದುಕೊಂಡಿದ್ದೇವೆ. ನಾಲ್ಕು ವರ್ಷದ ಕೆಳಗೆ ಶಾರದವ್ವ ತವರಿನಲ್ಲಿ ಹೆಣ್ಣುಕೂಸು ಹಡೆದಳು. ನನ್ನ ತಾಯಿಯ ಹೆಸರನ್ನೇ ಇಟ್ಟು ಅದನ್ನು ನೀಲಕ್ಕ ಎಂದು ಕರೆದರು. ಬೆಳ್ಳಗಿನ ಕೂಸಲ್ಲ, ಎಣ್ಣೆಗೆಂಪು ಬಣ್ಣ. ಯಾರು ಎತ್ತಿಕೊಂಡರೂ ಅವರ ಮೂಗನ್ನೇ ಹಿಡಿಯುತ್ತಿತ್ತು.

ಮೊದಲ ಕೂಸಿಗೆ ತೊಟ್ಟಿಲನ್ನು ತವರಿನವರೇ ಕೊಡಬೇಕು. ಅದೂ ಕಲಘಟಗಿಯ ಬಣ್ಣದ ತೊಟ್ಟಿಲೇ ಆಗಬೇಕೆಂದು ಮೈಲಾರವ್ವನವರ ಆಸೆ. ನಮ್ಮೂರಿನ ಸಮೀಪದಲ್ಲೇ ಇರುವ ಕಲಘಟಗಿಯಲ್ಲಿ ಅದನ್ನು ಮಾಡಿಸಿ, ಬಸ್ಸಿನ ಟಪ್ಪಿನ ಮೇಲೆ ನವಲಗುಂದಕ್ಕೆ ಒಯ್ದರು. ಮತ್ತೆ ಕೂಸಿನ ಜೊತೆಗೆ ಅದನ್ನು ನಮ್ಮೂರಿಗೇ ತರಬೇಕು.

ನನ್ನ ಮಗ ಇದನ್ನು ಕೇಳಿ ನಕ್ಕಿದ್ದ. "ಅಲ್ರಿ ಅತ್ತಿ, ತೊಟ್ಟಿಲಾ ನಮ್ಮೂರ ಬಾಜುಕ ಹುಟ್ಟೇತಿ. ಬಾಣಂತನಕ್ಕ ಅಂತ ನವಲಗುಂದಕ್ಕ ಬಂದೈತೇನ್ರಿ?"

"ನಗ್ರಿ, ನಗ್ರಿ. ನಾಳೆ ನಿಮ್ಮ ಮಗಳು ಅದರಾಗ ಮಲಕ್ಕೊಂಡು ಬಾಗಲಾ ದಾಟೂ ಮುಂದ ನೋಡೀರಂತ" ಎಂದು ಮೈಲಾರವ್ವ ಹೇಳಿದರಂತೆ.

ಆ ಮಾತಿನ ಹಿಂದೆ ಒಂದು ಪದ್ಧತಿ ಇತ್ತು. ಖಾಲಿ ತೊಟ್ಟಿಲನ್ನು ತೂಗಬಾರದು, ಖಾಲಿ ತೊಟ್ಟಿಲು ಬೀಗರ ಹೊಸ್ತಿಲು ದಾಟಬಾರದು ಎಂದು ಅವರ ಮನೆಯಲ್ಲಿ ನಡೆದುಬಂದಿತ್ತು. ಆದ್ದರಿಂದ ತವರಿನ ಬಾಗಿಲಿನಿಂದ ಬೀಗರ ಬಾಗಿಲಿನವರೆಗೂ ಕೂಸು ತೊಟ್ಟಿಲಲ್ಲೇ ಇರಬೇಕೆಂದು ಅವರು ಹಟ ಹಿಡಿದರು. ಶಂಭುಲಿಂಗಪ್ಪ ಹುಬ್ಬಳ್ಳಿಯಿಂದ ಬಾಡಿಗೆ ಕಾರು ಕಳಿಸುತ್ತೇನೆ ಎಂದಿದ್ದ. ಕಾರಿನಲ್ಲಿ ತೊಟ್ಟಿಲು ತೂಗಹಾಕಲು ಆಗುವುದಿಲ್ಲವೆಂದು ಮೈಲಾರವ್ವ ಅದನ್ನು ನಿರಾಕರಿಸಿ, ಸಾಮಾನು ಹೇರುವ ಟೆಂಪೋ ಒಂದನ್ನು ಗೊತ್ತುಮಾಡಿದರು.

ಮೈಲಾರವ್ವನವರ ಮನೆಯ ಎದುರಿಗೆ ಜಮೀಲಾಬಿಯ ಮನೆ. ಜಮಖಾನೆ ನೇಯುವ ಮನೆತನ. ಇಬ್ಬರೂ ಹೆಚ್ಚುಕಡಿಮೆ ಒಂದೇ ವರ್ಷ ಸೊಸೆಯರಾಗಿ ಆ ಓಣಿಗೆ ಬಂದವರು. ಹೊರಡುವ ಮುಂಚಿನ ದಿನ ಜಮೀಲಾಬಿ ತೊಟ್ಟಿಲಿಗೆ ಹಾಸಲು ಒಂದು ಪುಟ್ಟ ಜಮಖಾನೆ ತೆಗೆದುಕೊಂಡು ಬಂದಳು. ಆಗ ನಡೆದ ಮಾತನ್ನು ಶಾರದವ್ವ ನನಗೆ ಹೇಳಿದ್ದಾಳೆ. ಅವಳು ಅದರ ಒಂದು ಅಕ್ಷರವನ್ನೂ ಮರೆತಿಲ್ಲ.

"ಕಾರು ಬ್ಯಾಡಂದಿಯಂತಲ್ಲ ಅಕ್ಕಾ, ಯಾಕ?" ಎಂದು ಜಮೀಲಾಬಿ ಕೇಳಿದಳು.

"ಕಾರಿನಾಗ ತೊಟ್ಟಿಲಾ ಎಲ್ಲಿ ಕಟ್ಟಲಿ? ನಿನ್ನ ತಲೀಗೆ? ಟೆಂಪೋದಾಗ ಮ್ಯಾಲ ಕಬ್ಬಿಣದ ಸರಳು ಅದಾವ. ಅದಕ್ಕ ತೂಗಹಾಕಿದ್ರ ಆತು. ರಸ್ತಾದ ಕುಲುಕು ಕೂಸಿಗೆ ಹತ್ತೂದಿಲ್ಲ. ತೂಗಿಸಿಕೋತ ದುಮ್ಮವಾಡಾ ಮುಟ್ಟತೈತಿ."

"ಟೆಂಪೋ ನಿಂತ್ರ ತೊಟ್ಟಿಲಾ ನಿಂದರೂದಿಲ್ಲಕ್ಕಾ. ತುಂಬಿದ ಕೊಡಾ ಹೊತಗೊಂಡು ನಡಿಯೂ ಮುಂದ ಗಕ್ಕನ ನಿಂತು ನೋಡು. ನೀರು ಮುಂದ ಜಿಗೀತೈತಿಲ್ಲೋ? ಹಂಗ."

"ಇಕಿನ್ನ ನಾನ ಹೆಂಗ ತಂದೇನಿ ಗೊತ್ತೈತೇನು?" ಎಂದು ಮೈಲಾರವ್ವ ಮಗಳ ಕಡೆ ಕೈ ತೋರಿಸಿದರು. "ನನ್ನ ತವರಿಂದ ಚಕ್ಕಡಿಯಾಗ ತೊಟ್ಟಿಲಾ ಕಟ್ಟಿ ತಂದೇನಿ. ಏನಾಗೇತಿ ಆಕಿಗೆ? ಈಗ ತಾನ ಒಂದ ಕೂಸಿನ ತಾಯಿ ಆಗ್ಯಾಳ."

"ಎತ್ತು ಟೆಂಪೋದಂಗ ಓಡೂದೂ ಇಲ್ಲ, ಗಕ್ಕನ ನಿಂದರೂದೂ ಇಲ್ಲ ನಮ್ಮವ್ವಾ. ನನ್ನ ತಮ್ಮ ಗುಲಾಮಹುಸೇನ ಕುವೇತಿನಾಗ ಕಾರ ಹೊಡೀತಾನಲ್ಲ, ಅಂವ ಹೇಳ್ತಿದ್ದ. ಅಲ್ಲಿ ಕೂಸಿಗಂತ ಬ್ಯಾರೇ ಕುರ್ಚಿ ಇರತೈತಂತ. ಅದನ್ನ ಹಿಂದಿನ ಸೀಟಿಗೆ ಬಿಗೀತಾರಂತ. ಕೂಸಿನ್ನ ಪಟ್ಟೀಲೆ ಕಟ್ಟಿ ಅದರಾಗ ಮಲಗಸ್ತಾರಂತ."

"ಕೂಸಿನ್ನ ಕಟ್ಟತಾರ? ಕರಾ ಕಟ್ಟಿದಂಗ? ಅವರಿಗೆ ಹಡದ ಕರಳು ಇಲ್ಲೇನ ಬೇ?"

"ಕರಳು ಇದ್ದದ್ದಕ್ಕ ಕಟ್ಟತಾರ. ನಮ್ಮಲ್ಲಿ ಆ ಕುರ್ಚಿ ಇಲ್ಲ, ಖರೆ. ಶಾರದಾ ಹಿಂದಿನ ಸೀಟಿನ್ಯಾಗ ಕೂತು, ಹಳೇ ಸೀರ್ಯಾಗ ಕೂಸಿನ್ನ ಎದಿಗೆ ಕಟಗೊಳ್ಳಿ. ಅಷ್ಟರ ಮಾಡು."

"ಮತ್ತ ಖಾಲಿ ತೊಟ್ಟಿಲಾ ಒಯ್ಯಲೇನು?"

"ಖಾಲಿ ಯಾಕ? ಹೆಸರಿಟ್ಟ ದಿನ ತೊಟ್ಟಿಲದಾಗ ಮೊದಲ ಏನ ಮಲಗಿಸಿದ್ರಿ ನೀವು? ನಾನೂ ಇಲ್ಲೇ ಇದ್ದೆನಲ್ಲ."

ಹೆಸರಿಡುವ ದಿನ ಅಡಿಗೆಮನೆಯಲ್ಲಿ ಅರೆಯುವ ಗುಂಡಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಕುಂಚಿಗೆ ತೊಡಿಸಿ ಮೊದಲು ತೊಟ್ಟಿಲಿಗೆ ಹಾಕುತ್ತೇವೆ. ಕಲ್ಲಿನಂತೆ ಕೂಸು ಗಟ್ಟಿಯಾಗಲಿ ಎಂದು ಹರಸಿ, ಆಮೇಲೆ ಕೂಸನ್ನು ಮಲಗಿಸುತ್ತೇವೆ. ಅದೇ ಗುಂಡಕಲ್ಲನ್ನು ತೊಟ್ಟಿಲಲ್ಲಿಟ್ಟು ಒಯ್ದರೆ ತೊಟ್ಟಿಲು ಖಾಲಿಯೂ ಆಗುವುದಿಲ್ಲ, ಕೂಸಿಗೆ ಅಪಾಯವೂ ಇಲ್ಲ ಎಂಬುದು ಜಮೀಲಾಬಿಯ ಮಾತು.

ಮೈಲಾರವ್ವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ ಶ್ಯಾಣ್ಯಾಕಿದ್ದೀಯಬೇ! ಬೀಗರ ಬಾಗಲದಾಗ ತೊಟ್ಟಿಲಾ ಇಳಿಸೂದು, ಕುಂಚಿಗಿ ತಗದ್ರ ಕಲ್ಲು! ನವಲಗುಂದದಾಕಿ ಮೊಮ್ಮಗಳ ಬದಲಿ ಕಲ್ಲು ತಂದಾಳ ಅಂತ ದುಮ್ಮವಾಡದ ಮಂದಿ ಹಲ್ಲ ಕಿಸಿದಾರು."

"ಯವ್ವಾ, ನಾ ಎತಗೊಂಡ ಕುಂದರತೇನಿ ತಗೋ" ಎಂದು ಶಾರದವ್ವ ಮೆಲ್ಲಗೆ ಹೇಳಿದಳು.

"ನೀ ಸುಮ್ಕಿರು. ನಿನಗೇನ ತಿಳೀತೈತಿ, ಹಸೀ ಬಾಣಂತಿ" ಎಂದು ಅವಳ ಬಾಯಿ ಮುಚ್ಚಿಸಿದರು.

ಮೈಲಾರವ್ವ ಕೆಟ್ಟವರಲ್ಲ. ಆ ಕೂಸಿನ ಮೇಲೆ ಅವರಿಗಿದ್ದಷ್ಟು ಜೀವ ಯಾರಿಗೂ ಇರಲಿಲ್ಲ. ಆದರೆ ಅವರು ತೊಟ್ಟಿಲಿಗೆ ತಕ್ಕ ಗಾಡಿ ಹುಡುಕಿದರು. ಹುಡುಕಬೇಕಾದದ್ದು ಕೂಸಿಗೆ ತಕ್ಕ ಗಾಡಿ.

ಮರುದಿನ ದುಮ್ಮವಾಡದಲ್ಲಿ ನಾವು ತೊಲೆಗೆ ಹೊಸ ಕೊಂಡಿ ಹಾಕಿಸಿದೆವು. ನನ್ನ ಹೆಂಡತಿ ಅಂಗಳ ಸಾರಿಸಿ, ಆರತಿ ತಟ್ಟೆ ಸಿದ್ಧಮಾಡಿಕೊಂಡು ಕೂತಳು. ಹೊತ್ತು ಇಳಿಯಿತು. ದೀಪ ಹಚ್ಚುವ ಸಮಯವಾಯಿತು. ದೂರದಲ್ಲಿ ಯಾವ ಗಾಡಿಯ ಸದ್ದಾದರೂ ಅವಳು ತಟ್ಟೆ ಹಿಡಿದು ಎದ್ದು ನಿಲ್ಲುವಳು. ಟೆಂಪೋ ಬರಲಿಲ್ಲ. ಸೈಕಲ್ಲಿನ ಮೇಲೆ ಒಬ್ಬ ಮನುಷ್ಯ ಬಂದ. ಅವನು ಇಳಿದ ರೀತಿ ನೋಡಿಯೇ ಅವಳು ತಟ್ಟೆಯನ್ನು ಕೆಳಗಿಟ್ಟಳು.

ಹುಬ್ಬಳ್ಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಎಮ್ಮೆಯ ಕರು ರಸ್ತೆಗೆ ಬಂದಿತ್ತು. ಚಾಲಕ ಬ್ರೇಕು ಹಾಕಿದ. ಅದು ಅವನ ತಪ್ಪಲ್ಲ, ಜೋರಾಗಿಯೂ ಬಂದಿರಲಿಲ್ಲ. ಟೆಂಪೋ ನಿಂತಿತು, ತೊಟ್ಟಿಲು ನಿಲ್ಲಲಿಲ್ಲ. ಅದು ಮುಂದಕ್ಕೆ ತೂಗಿ, ಚಾಲಕನ ಬೆನ್ನ ಹಿಂದಿನ ಕಬ್ಬಿಣದ ತಗಡಿನ ಕಡೆಗೆ ಕೂಸನ್ನು ಎಸೆಯಿತು. ಬಾಜುವಿಗೇ ಕೂತಿದ್ದ ಶಾರದವ್ವ ಕೈ ಚಾಚಿದಳು. ಕೈಗೆ ಸಿಕ್ಕಿದ್ದು ಕುಂಚಿಗೆ.

ದವಾಖಾನೆಗೆ ಮುಟ್ಟುವ ಮೊದಲೇ ನಮ್ಮ ನೀಲಕ್ಕ ಹೋಗಿದ್ದಳು. ಟೆಂಪೋದಲ್ಲಿದ್ದ ಬೇರೆ ಯಾರಿಗೂ ಏನೂ ಆಗಿರಲಿಲ್ಲ. ತೊಟ್ಟಿಲಿನ ಬಣ್ಣಕ್ಕೆ ಒಂದು ಗೀರು ಸಹ ಬಿದ್ದಿರಲಿಲ್ಲ.

ಮಾತನಾಡಿಸಲು ಬಂದವರೆಲ್ಲರೂ ಒಂದೇ ಮಾತು ಹೇಳಿದರು: ಶಿವ ಕೊಟ್ಟಿದ್ದ, ಶಿವ ಕರೆದುಕೊಂಡ. ನಾನು ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ದಿನವೂ ಅಂಗೈಯಲ್ಲಿ ಅವನನ್ನಿಟ್ಟು ಪೂಜೆ ಮಾಡುತ್ತೇನೆ. ಆದರೂ ಆ ಮಾತಿಗೆ ಹೌದೆನ್ನಲು ನನಗೆ ಬಾಯಿ ಬರಲಿಲ್ಲ. ಶಿವ ಕೂಸನ್ನು ಕೊಟ್ಟಾಗ ಅದನ್ನು ಹಿಡಿದುಕೊಳ್ಳಲು ಕೈಗಳನ್ನೂ ಕೊಟ್ಟಿದ್ದ, ಬುದ್ಧಿ ಹೇಳುವ ನೆರೆಯವಳನ್ನೂ ಕೊಟ್ಟಿದ್ದ. ನಮ್ಮ ಕೈಯಿಂದ ಆದದ್ದನ್ನು ಅವನ ತಲೆಗೆ ಕಟ್ಟುವುದು ಭಕ್ತಿಯಲ್ಲ.

ಮುಂದಿನ ಎರಡು ವರ್ಷ ಮೈಲಾರವ್ವ ನಮ್ಮ ಮನೆಗೆ ಬರಲಿಲ್ಲ. ನಾವು ಕರೆದೆವು, ಬರಲಿಲ್ಲ. ತೊಟ್ಟಿಲನ್ನು ಅಟ್ಟಕ್ಕೆ ಹಾಕಿ ಹಳೆಯ ಚೀಲ ಮುಚ್ಚಿದರಂತೆ. ಜಮೀಲಾಬಿ ಎಂದಿನಂತೆ ಅವರ ಮನೆಗೆ ಹೋಗಿ ಕೂರುತ್ತಿದ್ದಳು. ನಾನು ಹೇಳಿದ್ದೆನಲ್ಲ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಬಂದಿದ್ದರೆ ತಡೆದುಕೊಳ್ಳಬಹುದಿತ್ತು, ಬರಲಿಲ್ಲವಲ್ಲ ಎಂದು ಮೈಲಾರವ್ವ ಆಮೇಲೆ ನನ್ನೆದುರಿಗೆ ಅತ್ತಿದ್ದಾರೆ.

ಶಾರದವ್ವ ಮತ್ತೆ ಬಸುರಾದಳು. ತವರಿನಲ್ಲೇ ಗಂಡುಕೂಸು ಹುಟ್ಟಿತು. ಶಂಕ್ರಪ್ಪ ಎಂದು ಹೆಸರಿಟ್ಟರು. ಐದನೆಯ ತಿಂಗಳಲ್ಲಿ ಕರೆದುಕೊಂಡು ಬರಲು ನಾನೂ ಶಂಭುಲಿಂಗಪ್ಪನೂ ನವಲಗುಂದಕ್ಕೆ ಹೋದೆವು. ಮೈಲಾರವ್ವ ಬಾಗಿಲಿಗೆ ಅಡ್ಡ ಕೂತಿದ್ದರು.

"ಕೂಸು ಇಲ್ಲೇ ಇರ್ಲಿ ಬೀಗರ. ನಡಿಯೂ ಹಂಗ ಆದ ಮ್ಯಾಲ ಕರಕೊಂಡ ಹೋಗ್ರಿ. ನಾ ಯಾವ ಗಾಡೀನೂ ಹತ್ತಸೂದಿಲ್ಲ."

"ಡಾಗದಾರ ಕಡೆ ಹೋಗಬೇಕಾದ್ರ ಏನ ಮಾಡ್ತಿ? ಲಸಿಕಿ ಹಾಕಿಸಾಕ ಹೆಂಗ ಒಯ್ತಿ, ಜೇಬಿನ್ಯಾಗ ಇಟಗೊಂಡು?" ಎಂದಳು ಎದುರು ಮನೆಯಿಂದ ಬಂದ ಜಮೀಲಾಬಿ. "ಗಾಡಿ ಮ್ಯಾಲ ಸಿಟ್ಟಾಗಿ ಏನ ಬಂತಕ್ಕಾ? ಗಾಡ್ಯಾಗ ಕೂಸಿನ್ನ ಹೆಂಗ ಇಟಗೊಳ್ಳೂದು ಅನ್ನೂದನ್ನ ಕಲಿಯೂಣು."

ನನ್ನ ಮಗ ಆ ಸಲ ಹುಬ್ಬಳ್ಳಿ ಪೇಟೆಯಿಂದ ಕೂಸಿಗೆ ಒಂದು ತಳ್ಳುಗಾಡಿ ತಂದಿದ್ದ. ನಾಲ್ಕು ಸಣ್ಣ ಗಾಲಿ, ಮೇಲೆ ನೀಲಿ ಕೊಡೆ. ನೋಡಲು ಬಹಳ ಚೆಂದ. ಮೈಲಾರವ್ವ ಅದನ್ನು ಕಂಡು, "ಇದರಾಗ ಮಲಗಿಸಿ ಕಾರಿನಾಗ ಇಟ್ರ ಆಗೂದಿಲ್ಲೇನ್ರಿ?" ಎಂದರು.

"ಮೊದಲ ಜ್ವಾಳ ಕುಂದ್ರಸೂಣು, ಆಮ್ಯಾಲ ಕೂಸು" ಎಂದು ಜಮೀಲಾಬಿ ಒಳಗಿನಿಂದ ಜೋಳದ ಸಣ್ಣ ಚೀಲ ತಂದು ಗಾಡಿಯಲ್ಲಿಟ್ಟಳು. ಇಳಿಜಾರಿನಲ್ಲಿದ್ದ ಓಣಿಗೆ ತಂದು, ಗಾಲಿಯ ತಡೆ ಹಾಕಿ ಕೈಬಿಟ್ಟಳು. ಗಾಡಿ ಒಂದು ಗಳಿಗೆ ನಿಂತಿತು. ಆಮೇಲೆ ತಾನೇ ಹೊರಟಿತು. ಶಂಭುಲಿಂಗಪ್ಪ ಧೋತರ ಎತ್ತಿಕೊಂಡು ಹಿಂದೆ ಓಡಿದ. ಅವನು ಮುಟ್ಟುವುದರೊಳಗೆ ಗಾಡಿ ಗಟಾರದ ಅಂಚಿಗೆ ಹೋಗಿ ಜಿಗುಟಾದ ಎರೆಮಣ್ಣಿನಲ್ಲಿ ಮೂಗು ಊರಿತು. ಗಾಲಿಗಳಿಗೆ ಮಣ್ಣು ಮೆತ್ತಿಕೊಂಡು ಅವು ತಿರುಗುವುದನ್ನೇ ಬಿಟ್ಟವು.

"ಅಳ್ಯಾರ, ನಿಮ್ಮ ಜ್ವಾಳ ದುಮ್ಮವಾಡಕ್ಕ ಹೊಂಟಿತ್ತು ನೋಡ್ರಿ!" ಎಂದು ಜಮೀಲಾಬಿ ಕೂಗಿದಳು. ಎರಡು ವರ್ಷದ ಮೇಲೆ ಆ ದಿನ ಮೈಲಾರವ್ವನವರ ಮುಖದಲ್ಲಿ ನಗೆ ಕಂಡೆ. ಅದು ಹುಟ್ಟಿದಲ್ಲಿಯೇ ಆರಿತು.

ಜಮೀಲಾಬಿ ಗಾಡಿಯನ್ನು ತಿರುಗಿಸಿ ತೋರಿಸಿದಳು. ತಡೆಯ ಕಡ್ಡಿ ಬಾಗಿತ್ತು. ಕೂಸಿನ ಸೊಂಟಕ್ಕೆ ಹಾಕುವ ಪಟ್ಟಿ ಒಂದೇ ಬದಿಗೆ ಇತ್ತು. "ಇದನ್ನ ತಿರುಗಿ ಕೊಟ್ಟು, ತಡೆ ಗಟ್ಟಿ ಇದ್ದದ್ದು, ಪಟ್ಟಿ ಎರಡೂ ಬಾಜು ಇದ್ದದ್ದು ತಗೋರಿ. ಗಾಲಿ ದೊಡ್ಡೂ ಇರ್ಲಿ. ಅದರಾಗೂ ಅಂಗಳದಾಗ, ಪಡಸಾಲ್ಯಾಗ ಆಡಸ್ರಿ. ಮೋಟಾರದಾಗ ಇದನ್ನ ಇಟ್ಟು ಕೂಸು ಮಲಗಿಸಿದ್ರ ತೊಟ್ಟಿಲಾ ಕಟ್ಟಿದಂಗ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಮೈಲಾರವ್ವ ಎದ್ದು ಒಳಗೆ ಹೋದರು. ಅಡಿಗೆಮನೆಯಲ್ಲಿ ನೀರಿನ ಸದ್ದಾಯಿತು. ಹೊರಗೆ ಬಂದಾಗ ಅವರ ಕೈಯಲ್ಲಿ ತೊಳೆದ ಗುಂಡಕಲ್ಲು ಇತ್ತು. ಅದಕ್ಕೆ ಒಂದು ಹಳೆಯ ಕುಂಚಿಗೆ ತೊಡಿಸಿದ್ದರು. ಅದು ನೀಲಕ್ಕನ ಕುಂಚಿಗೆ.

"ತೊಟ್ಟಿಲಾ ಅಟ್ಟದ ಮ್ಯಾಗಿಂದ ಇಳಸ್ರಿ" ಎಂದರು. "ಜಮೀಲಾ, ಅವತ್ತ ನೀ ಹೇಳಿದ್ದಿ. ಇವತ್ತ ಮಾಡತೇನಿ. ಸೀರಿ ಹೆಂಗ ಕಟ್ಟಬೇಕು ಅದನ್ನರ ತೋರಸು."

ನವಲಗುಂದದವನೇ ಆದ ಮಶಾಕಸಾಬನ ಬಾಡಿಗೆ ಕಾರು ಬಂತು. ಮುಂದಿನ ಉದ್ದನೆಯ ಸೀಟಿನಲ್ಲಿ, ಅವನ ಬಾಜುವಿಗೆ ತೊಟ್ಟಿಲನ್ನಿಟ್ಟು ಹಗ್ಗದಿಂದ ಬಿಗಿದೆವು. ಒಳಗೆ ಗುಂಡಕಲ್ಲು. ಹಿಂದಿನ ಸೀಟಿನ ನಡುವೆ ಶಾರದವ್ವ. ಮೆತ್ತನೆಯ ಹಳೆಯ ನೂಲಿನ ಸೀರೆಯನ್ನು ಅವಳ ಹೆಗಲ ಮೇಲಿಂದ ಬೆನ್ನ ಮೇಲೆ ಸುತ್ತಿ, ಕೂಸನ್ನು ಎದೆಗೆ ಒತ್ತಿ ಜಮೀಲಾಬಿ ಗಂಟು ಹಾಕಿದಳು. ಕೂಸಿನ ತಲೆಗೆ ಆಸರೆ ಕೊಟ್ಟು, ಮೂಗು ಬಾಯಿ ಮುಚ್ಚದಂತೆ ಬಟ್ಟೆ ಸರಿಸಿದಳು. ಆ ಬದಿಗೆ ಮೈಲಾರವ್ವ, ಈ ಬದಿಗೆ ನಾನು. ಶಂಭುಲಿಂಗಪ್ಪ ತಳ್ಳುಗಾಡಿಯನ್ನು ತೆಗೆದುಕೊಂಡು ಬಸ್ಸಿಗೆ ಹೋದ.

"ಗುಲಾಮಹುಸೇನ ಹೇಳಿದಂಥಾ ಕುರ್ಚಿ ಇದ್ದಿದ್ರ ಇನ್ನೂ ಚಲೋ ಇತ್ತು" ಎಂದಳು ಜಮೀಲಾಬಿ. "ಆದ್ರ ಅದನ್ನ ಬಿಗ್ಯಾಕ ಈ ಕಾರಿಗೆ ಪಟ್ಟೀನ ಇಲ್ಲ. ಮಶಾಕಸಾಬ, ಸಾವಕಾಶ ಹೊಡೀ. ನಿನ್ನ ನಿಕಾಕ್ಕ ಹೊಂಟಂಗ ಓಡಸಬ್ಯಾಡ."

"ನನ್ನ ನಿಕಾಕ್ಕ ಎತ್ತಿನ ಗಾಡ್ಯಾಗ ಹೋಗೇನಿ ಆಪಾ" ಎಂದ ಅವನು.

ಸಾವಕಾಶವಾಗಿಯೇ ಹೊಡೆದ. ಹುಬ್ಬಳ್ಳಿ ದಾಟಿದೆವು. ಆ ತಿರುವು ಹತ್ತಿರ ಬಂದಾಗ ಮೈಲಾರವ್ವ ಕಣ್ಣು ಮುಚ್ಚಿ ಶಿವಶಿವಾ ಎನ್ನತೊಡಗಿದರು. ತಿರುವಿನಲ್ಲಿ ಏನೂ ಆಗಲಿಲ್ಲ. ಅದನ್ನು ದಾಟಿ ಬಹಳ ಮುಂದೆ ಹೋದ ಮೇಲೆ, ಒಂದು ಹಳ್ಳಿಯ ಬಾಯಲ್ಲಿ, ಕುರಿಗಳ ಹಿಂಡು ಬದುವಿನಿಂದ ರಸ್ತೆಗೆ ಧುಮುಕಿತು. ಮಶಾಕಸಾಬ ಬ್ರೇಕು ಒತ್ತಿದ.

ತೊಟ್ಟಿಲನ್ನು ಬಿಗಿದಿದ್ದೆವು. ಕಲ್ಲನ್ನು ಕಟ್ಟಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅದು ತೊಟ್ಟಿಲಿನಿಂದ ಹಾರಿ ಕಾರಿನ ಮುಂದಿನ ತಗಡಿಗೆ ಬಡಿಯಿತು. ಆ ಸಪ್ಪಳ ನನ್ನ ಕಿವಿಯಲ್ಲಿ ಇನ್ನೂ ಇದೆ. ತಗಡು ಒಳಕ್ಕೆ ತಗ್ಗಿತು. ಕಲ್ಲು ಕೆಳಗೆ ಬಿದ್ದು ಉರುಳಿ ನಿಂತಿತು.

ಶಾರದವ್ವ ಮುಂದಕ್ಕೆ ಬಾಗಿದ್ದಳು. ನಾವಿಬ್ಬರೂ ಎರಡು ಕಡೆಯಿಂದ ಅವಳಿಗೆ ಕೈ ಅಡ್ಡ ಹಿಡಿದಿದ್ದೆವು. ಶಂಕ್ರಪ್ಪ ಕಣ್ಣು ಬಿಟ್ಟ, ತಾಯಿಯ ಮುಖ ನೋಡಿದ, ಒಂದು ಸಲ ಆಕಳಿಸಿ ಮತ್ತೆ ಮಲಗಿದ.

ಮಶಾಕಸಾಬ ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿದ. ಮೈಲಾರವ್ವ ಕೆಳಗಿಳಿದು ಮುಂದಿನ ಬಾಗಿಲು ತೆರೆದರು. ಕಲ್ಲನ್ನು ಎತ್ತಿಕೊಂಡರು. ಕುಂಚಿಗೆಯ ಧೂಳು ಝಾಡಿಸಿ, ಅದನ್ನು ಎದೆಗೆ ಅವಚಿಕೊಂಡು ರಸ್ತೆಯ ಬದಿಗೆ ಕೂತುಬಿಟ್ಟರು. ಕುರಿಗಳೆಲ್ಲ ದಾಟಿ ಹೋದವು. ನಾವು ಯಾರೂ ಅವರನ್ನು ಏಳಿಸಲಿಲ್ಲ.

"ಇಷ್ಟ ಬೀಗರ?" ಎಂದರು ಕೊನೆಗೆ. "ಒಂದು ಹಳೇ ಸೀರಿ, ಒಂದು ಗಂಟು. ಅವತ್ತ ಇಷ್ಟ ಮಾಡಿದ್ರ ಸಾಕಿತ್ತೇನ್ರಿ?"

ಹೌದೆಂದರೆ ಅವರಿಗೆ ತಡೆದುಕೊಳ್ಳಲು ಆಗುವುದಿಲ್ಲ. ಅಲ್ಲವೆಂದರೆ ಸುಳ್ಳಾಗುತ್ತದೆ. ಕೈ ಹಿಡಿದು ಎಬ್ಬಿಸಿ ಕಾರಿನಲ್ಲಿ ಕೂರಿಸಿದೆ. ಅಲ್ಲಿಂದ ಮುಂದೆ ಗುಂಡಕಲ್ಲನ್ನು ಬಟ್ಟೆಯಿಂದ ತೊಟ್ಟಿಲಿಗೆ ಬಿಗಿದು ತಂದೆವು.

ದುಮ್ಮವಾಡದ ಬಾಗಿಲಲ್ಲಿ ನನ್ನ ಹೆಂಡತಿ ಆರತಿ ಎತ್ತಿದಳು. ಮೊದಲು ತಾಯಿಯ ಎದೆಯಲ್ಲಿ ಕೂಸು ಹೊಸ್ತಿಲು ದಾಟಿತು, ಅದರ ಹಿಂದೆ ತೊಟ್ಟಿಲು. ಓಣಿಯ ಹೆಂಗಸರು ಇಣುಕಿ ಕಲ್ಲನ್ನು ನೋಡಿದರು. ಒಬ್ಬರೂ ನಗಲಿಲ್ಲ. ಆ ವರ್ಷದಿಂದ ಈಚೆಗೆ ನಮ್ಮೂರಿಗೆ ಬಂದ ತೊಟ್ಟಿಲುಗಳಲ್ಲಿ ಗುಂಡಕಲ್ಲೇ ಬರುತ್ತಿದೆ. ಮೈಲಾರವ್ವ ಈಗ ಯಾರ ಮನೆಯ ಬಾಣಂತಿ ಹೊರಟರೂ ಕರೆಯದೆಯೇ ಹೋಗಿ, ಸೀರೆ ಕಟ್ಟಿಕೊಟ್ಟು ಬರುತ್ತಾರೆ.

ತಾಯಂದಿರೇ, ಅಜ್ಜಿಯರೇ, ನಿಮ್ಮ ಪದ್ಧತಿಗಳನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಆರತಿ ಇರಲಿ, ಬಣ್ಣದ ತೊಟ್ಟಿಲಿರಲಿ. ಓಡುವ ಗಾಡಿಯಲ್ಲಿ ಮಾತ್ರ ಕೂಸನ್ನು ತೊಟ್ಟಿಲಲ್ಲಾಗಲಿ ತಳ್ಳುಗಾಡಿಯಲ್ಲಾಗಲಿ ಮಲಗಿಸಬೇಡಿರಿ. ಸಾಮಾನಿನ ಟೆಂಪೋ ಬೇಡ, ಟ್ರ್ಯಾಕ್ಟರಿನ ಗಾಲಿಯ ಮೇಲಿನ ತಗಡು ಬೇಡ, ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟಾಕಿಯ ಮೇಲೆ ಕೂರಿಸುವುದು ಬೇಡವೇ ಬೇಡ. ಕೂಸಿನ ಕುರ್ಚಿಯೂ ಅದನ್ನು ಬಿಗಿಯುವ ಪಟ್ಟಿಯೂ ಇರುವ ಕಾರು ಸಿಕ್ಕವರು ಅದರಲ್ಲೇ, ಹಿಂದಿನ ಸೀಟಿನಲ್ಲಿ, ಕೂಸನ್ನು ಕಟ್ಟಿ ಕರೆದೊಯ್ಯಿರಿ. ಅದಿಲ್ಲದ ನಮ್ಮಂಥವರು ಹಿಂದಿನ ಸೀಟಿನಲ್ಲಿ ಕೂತು, ಕೂಸನ್ನು ಎದೆಗೆ ಕಟ್ಟಿಕೊಂಡು, ಅದರ ಉಸಿರು ನೋಡಿಕೊಳ್ಳುತ್ತ, ಚಾಲಕನಿಗೆ ಸಾವಕಾಶ ಎಂದು ಹೇಳುತ್ತ ಹೋಗಬೇಕು. ಗಾಡಿಯೊಳಗಿನ ಭಾರದ ಸಾಮಾನನ್ನೆಲ್ಲ ಕಟ್ಟಿಡಬೇಕು. ತಳ್ಳುಗಾಡಿ ಕೊಳ್ಳುವವರು ಅದರಲ್ಲಿ ಮೊದಲು ಜೋಳದ ಚೀಲವಿಟ್ಟು ನೋಡಬೇಕು.

ನೆರೆಯವರು ಬಂದು ಹೇಳಿದರೆ ನಗಬೇಡಿರಿ. ಗುಂಡಕಲ್ಲು ಬಿದ್ದರೆ ತೊಳೆದು ಮತ್ತೆ ಎತ್ತಿಕೊಳ್ಳಬಹುದು.